ಗ್ರಂಥಪಾಲಕರು ಗೋಳಗುಮ್ಮಟ ಹತ್ತಿದ್ದು

‘ಸದ್ದು ಮಾಡಬೇಡಿ’ ಎಂದು ಹೇಳುತ್ತಲೇ ಸಂಬಳ ಎಣಿಸುವವರು ನಾವು, ಗ್ರಂಥಪಾಲಕರು. ನಮ್ಮ ಬದುಕಿನಲ್ಲಿ ನಗುವಂಥದ್ದು ಏನೂ ನಡೆಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ನಡೆಯುತ್ತದೆ. ನಡೆಯುವಾಗ ನಾವು ಮಾತ್ರ ಮುಖ ಗಂಟಿಕ್ಕಿಕೊಂಡೇ ಇರುತ್ತೇವೆ. ಅದಕ್ಕೇ ಇರಬೇಕು, ಅದು ಮತ್ತೆ ಮತ್ತೆ ನಡೆಯುತ್ತಲೇ ಇರುತ್ತದೆ.

ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಬಹಳ ವರ್ಷಗಳಿಂದ ಗ್ರಂಥಪಾಲಕಿ. ಹೋದ ಚಳಿಗಾಲ ವಿಜಯಪುರದಲ್ಲಿ ಕಾಲೇಜು ಗ್ರಂಥಪಾಲಕರ ಮೂರು ದಿನದ ಸಮ್ಮೇಳನ ನಡೆಯಿತು. ಇದೇ ಜಿಲ್ಲೆಯವಳೆಂದು, ಹೊರಗಿನಿಂದ ಬಂದವರಿಗೆ ಊರು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತೆಂಟು ಜನ, ಒಂದು ಬಾಡಿಗೆ ಬಸ್ಸು, ಆಲಮೇಲದ ಒಬ್ಬ ಡ್ರೈವರ್.

ಬೈಗುಳ

ಮುಖ್ಯ ಭಾಷಣಕಾರರು ಮೈಸೂರಿನವರು. ವಯಸ್ಸಾದವರು, ಮೃದು ಮಾತಿನವರು. ಬೆಳಿಗ್ಗೆ ರೈಲು ನಿಲ್ದಾಣದಿಂದ ಅವರನ್ನು ಕರೆತಂದು, ಹಾಗೇ ಇಬ್ರಾಹಿಂ ರೋಜಾ ತೋರಿಸಿಕೊಂಡು ಬಂದಿದ್ದೆವು. ಮಧ್ಯಾಹ್ನ ಊಟಕ್ಕೆ ಕುಳಿತರೆ ಅವರು ರೊಟ್ಟಿ ಮುಟ್ಟಲೇ ಇಲ್ಲ. ಖಾರ ಹೆಚ್ಚಾಯಿತೇನೋ ಎಂದು ಹತ್ತಿರ ಹೋದೆ.

“ಮೇಡಂ, ನನ್ನಿಂದ ಏನಾದರೂ ತಪ್ಪಾಯಿತಾ?” ಎಂದರು. “ನಿಮ್ಮ ಡ್ರೈವರು ಬೆಳಿಗ್ಗೆಯಿಂದ ನನ್ನನ್ನ ಬೈತಾನೇ ಇದ್ದಾರೆ.”

ಹೊರಗೆ ಬಂದು ಡ್ರೈವರನ್ನು ಹಿಡಿದೆ. “ಯಾಕೋ ತಮ್ಮಾ, ದೊಡ್ಡವರನ್ನ ಬೈದಿಯಂತ?”

ಅವನ ಮುಖ ಬಿಳಿಚಿಕೊಂಡಿತು. “ಅಯ್ಯ ಅಕ್ಕಾರ, ನಾ ಯಾಕ ಬೈಲಿ? ವಯಸ್ಸಾದವರು, ಬಿಸಲಾಗ ನಿಂದರಬಾರದು ಅಂತ ‘ಲಗೂನ ಹತ್ರಿ’ ಅಂದೆ. ಮೆಟ್ಟಲ ಎತ್ತರ ಐತಿ, ‘ನೋಡಿ ಇಳೀರಿ’ ಅಂದೆ. ಅಷ್ಟ!”

ಅಷ್ಟಕ್ಕೇ ಬಿಡಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಸೀದಾ ಊಟದ ಹಾಲಿಗೆ ನಡೆದ. ಭಾಷಣಕಾರರ ಕಾಲು ಮುಟ್ಟಿ ನಮಸ್ಕರಿಸಿ, “ಸರ, ತಪ್ಪ ತಿಳಕೋಬ್ಯಾಡ್ರಿ! ನೀವು ನಮ್ಮ ತಂದಿ ಸಮಾನ ಅದೀರಿ!” ಎಂದು ತನ್ನ ಎಂದಿನ ಎತ್ತರದ ದನಿಯಲ್ಲೇ ಅಂದ. ಬಡಿಸುವವರ ಕೈ ಅಲ್ಲಲ್ಲೇ ನಿಂತಿತು.

ಭಾಷಣಕಾರರು ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು: “ಈಗ ಯಾಕೆ ಬೈದರು?”

ಹೊಸ ಕಟ್ಟಡ

ಅಂದೇ ಸಂಜೆ ಬಾರಾ ಕಮಾನಿಗೆ ಹೋದೆವು. ಬಾದಶಹನ ಸಮಾಧಿಗೆಂದು ಎದ್ದು ಅರ್ಧಕ್ಕೇ ನಿಂತ ಕಟ್ಟಡ ಅದು. ಕರಿಕಲ್ಲಿನ ಕಮಾನುಗಳಿವೆ, ಮೇಲೆ ಬರೀ ಆಕಾಶ.

ಅಲ್ಲಿ ನನ್ನದೊಂದು ಸ್ವಂತ ಕೆಲಸವಿತ್ತು. ನಮ್ಮ ಕಾಲೇಜಿನ ಹೊಸ ಗ್ರಂಥಾಲಯಕ್ಕೆ ಗೋಡೆ ಎದ್ದು ಎಂಟು ವರ್ಷವಾಗಿದೆ, ಸ್ಲ್ಯಾಬ್ ಬಿದ್ದಿಲ್ಲ. ಪುಸ್ತಕಗಳು ಇನ್ನೂ ಹಳೇ ಸೋರುವ ಕೋಣೆಯಲ್ಲೇ ಇವೆ. ಮಳೆಗಾಲ ಬಂತೆಂದರೆ ತೊಯ್ದ ಪುಸ್ತಕಗಳನ್ನು ಫ್ಯಾನಿನ ಕೆಳಗೆ ಹರವಿ, ಹಾಳೆ ಹಾಳೆ ಬಿಡಿಸಿ ಒಣಗಿಸುತ್ತೇನೆ. ಕೆಲವು ಮತ್ತೆ ಪುಸ್ತಕವಾಗುವುದೇ ಇಲ್ಲ. ಅವನ್ನು ರದ್ದು ಮಾಡಿ ಸಹಿ ಹಾಕುವಾಗ ಪ್ರತಿ ಸಲವೂ ಕೈ ತಡೆಯುತ್ತದೆ. ಸಮ್ಮೇಳನಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿ ಒಂದು ಮಾತು ಬರೆದರೆ ಆಗುವ ಕೆಲಸ ಅದು. ಮಾತು ತೆಗೆಯುವುದು ಹೇಗೆಂದು ದಿನವಿಡೀ ಹೊಂಚುತ್ತಿದ್ದೆ.

ಅಧಿಕಾರಿ ತಾವೇ ದಾರಿ ಮಾಡಿಕೊಟ್ಟರು. ಕಮಾನುಗಳ ನಡುವೆ ನಿಂತು, ಕತ್ತೆತ್ತಿ ನೋಡಿ, ನಿಜವಾಗಿಯೂ ನೊಂದುಕೊಂಡರು. “ಛೇ, ಛೇ! ಇಷ್ಟು ಚೆನ್ನಾಗಿ ಕಟ್ಟಿ ಮೇಲೆ ಮುಚ್ಚದೆ ಬಿಟ್ಟರಲ್ರೀ! ಮುನ್ನೂರು ವರ್ಷದ ಮೇಲಾಯ್ತು!”

ನಾನು ಕೈಮುಗಿದೆ. “ಸರ್, ನಮ್ಮ ಗ್ರಂಥಾಲಯನೂ ಹಿಂಗ ನಿಂತೈತ್ರಿ. ಎಂಟ ವರ್ಷ ಆತು.”

“ಎಂಟೇನಾ?” ಎಂದು ಅವರು ನನ್ನನ್ನು ತುಂಬ ಅಂತಃಕರಣದಿಂದ ನೋಡಿದರು. “ಹಾಗಾದ್ರೆ ನಿಮ್ಮದಿನ್ನೂ ಹೊಸದಮ್ಮ.”

ತಲೆ ಎಣಿಕೆ

ಎರಡನೆಯ ದಿನ ಬಸವನ ಬಾಗೇವಾಡಿ, ಅಲ್ಲಿಂದ ಆಲಮಟ್ಟಿ ಅಣೆಕಟ್ಟು. ಬಾಗೇವಾಡಿಯಲ್ಲಿ ಗುಡಿ ನೋಡಿ ಎಲ್ಲರೂ ಬಸ್ಸು ಹತ್ತಿದ ಮೇಲೆ ತಲೆ ಎಣಿಸಿದೆ. ಸರಿಯಾಗಿ ಮೂವತ್ತೆಂಟು. ಸಮಾಧಾನದಿಂದ ಎಲ್ಲರಿಗೂ ಸಮ್ಮೇಳನದ ಚೀಲ, ನೀರಿನ ಬಾಟಲಿ ಹಂಚಿ, ಕೊರಳಿಗೆ ಬ್ಯಾಡ್ಜು ಹಾಕಿಸಿದೆ.

ಆಲಮಟ್ಟಿಯ ಉದ್ಯಾನದಲ್ಲಿ ಊಟ ಮುಗಿಯುವ ಹೊತ್ತಿಗೆ ಇಳಕಲ್ ಸೀರೆಯ ಒಬ್ಬ ಅಜ್ಜಿ ನನ್ನ ಹತ್ತಿರ ಬಂದಳು. ಕೊರಳಲ್ಲಿ ಬ್ಯಾಡ್ಜು, ಕಂಕುಳಲ್ಲಿ ಗಂಟು. ಯಾರೋ ಪ್ರತಿನಿಧಿಯ ತಾಯಿ ಇರಬೇಕೆಂದು ಎಲ್ಲರೂ ಅಂದುಕೊಂಡಿದ್ದೆವು.

“ಯವ್ವಾ, ಈ ಬಸ್ಸು ಮುದ್ದೇಬಿಹಾಳಕ್ಕ ಯಾವಾಗ ಮುಟ್ಟತೈತಿ?”

“ಇದು ಮುದ್ದೇಬಿಹಾಳಕ್ಕ ಹೋಗಂಗಿಲ್ಲ ಆಯಿ. ಇದು ಸಮ್ಮೇಳನದ ಬಸ್ಸು.”

ಅಜ್ಜಿ ಅಲ್ಲೇ ಕುಸಿದು ಕೂತಳು. ಬಾಗೇವಾಡಿಯಲ್ಲಿ ನಮ್ಮ ಡ್ರೈವರ್ ‘ಹತ್ರಿ, ಹತ್ರಿ’ ಎಂದದ್ದನ್ನು ಕೇಳಿ ಹತ್ತಿದ್ದಳಂತೆ. “ಮಗಳು ನಿನ್ನಿ ಹಡದಾಳ. ದವಾಖಾನ್ಯಾಗ ಒಬ್ಬಾಕೀನ ಅದಾಳ. ಅಳಿಯ ದುಡ್ಯಾಕ ಗೋವಾಕ್ಕ ಹೋಗ್ಯಾನ. ನಾ ಇಲ್ಲಿ ಕುಂತು ಹೋಳಿಗಿ ಉಂಡ್ನಲ್ಲ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಲೆಕ್ಕ ಹೊಂದಿದ್ದು ಹೇಗೆಂದು ತಿಳಿಯಿತು. ಮಂಡ್ಯದ ಒಬ್ಬರು ಹೊಟ್ಟೆ ಕೆಟ್ಟು, ನನಗೆ ಹೇಳದೆ ಲಾಡ್ಜಿನಲ್ಲೇ ಉಳಿದಿದ್ದರು. ಅವರ ಸೀಟಿನಲ್ಲಿ ಅಜ್ಜಿ ಕೂತಿದ್ದಳು.

ಅಣೆಕಟ್ಟು ನೋಡಲೆಂದೇ ದೂರದಿಂದ ಬಂದವರಿದ್ದರು. ಅವರನ್ನು ಏನೆಂದು ಕೇಳುವುದೆಂದು ನಾನು ಹಿಂಜರಿಯುತ್ತಿರುವಾಗಲೇ ಮೈಸೂರಿನ ಭಾಷಣಕಾರರು ಎದ್ದು ಬಸ್ಸು ಹತ್ತಿ ಕೂತರು. “ನೀರು ನಾಳೆಯೂ ಇರುತ್ತೆ, ನಡೀರಿ” ಎಂದರು. ಅವರ ಹಿಂದೆ ಒಬ್ಬೊಬ್ಬರೇ ಎಲ್ಲರೂ ಹತ್ತಿದರು.

ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ ಒಂದೇ ಥರದ ಚೀಲ ಹಿಡಿದ ಇಷ್ಟೊಂದು ಜನರನ್ನು ಕಂಡು ನರ್ಸ್ ಗಾಬರಿಯಾದಳು. “ಆಯಿ, ಯಾರ ಇವರೆಲ್ಲಾ?”

ಮೊಮ್ಮಗಳನ್ನು ಎತ್ತಿಕೊಂಡ ಖುಷಿಯಲ್ಲಿ ಅಜ್ಜಿ ಹೇಳಿದಳು: “ಕಲ್ತ ಮಂದಿ, ಯವ್ವಾ. ಪಾಪ, ದಾರಿ ತಪ್ಪಿ ಆಲಮಟ್ಟಿ ಕಡೆ ಹೊಂಟಿದ್ರು. ನಾನ ಕರಕೊಂಡ ಬಂದೆ.”

ಕೂಗು

ಕೊನೆಯ ದಿನ ನಸುಕಿನಲ್ಲೇ ಗೋಳಗುಮ್ಮಟಕ್ಕೆ ಹೋದೆವು. ಆ ಹೊತ್ತಿಗೆ ಗದ್ದಲ ಕಡಿಮೆ. ಮೇಲಿನ ಗ್ಯಾಲರಿಯಲ್ಲಿ ನಿಂತು ಒಂದು ಸಲ ಕೂಗಿದರೆ ಅದು ಏಳು ಸಲ ತಿರುಗಿ ಕೇಳಿಸುತ್ತದೆ.

ನಮ್ಮ ತಂಡದಲ್ಲಿ ತುಮಕೂರಿನ ಒಬ್ಬ ನಿವೃತ್ತ ಗ್ರಂಥಪಾಲಕರಿದ್ದರು. ಎರಡು ದಿನದಲ್ಲಿ ಯಾರೊಡನೆಯೂ ಹತ್ತು ಮಾತಾಡಿರಲಿಲ್ಲ. ಕಿರಿದಾದ ಮೆಟ್ಟಿಲುಗಳನ್ನು ಅಲ್ಲಲ್ಲಿ ನಿಂತು ಹತ್ತುತ್ತಿದ್ದರು, ನಾನು ಜೊತೆಗಿದ್ದೆ. ಮೂರನೆಯ ಸಲ ನಿಂತಾಗ ತಾವಾಗಿಯೇ ಹೇಳಿದರು: “ಇಲ್ಲಿಗೆ ನಾನೂ ನನ್ನ ಹೆಂಡತಿಯೂ ಬರಬೇಕಂತಿತ್ತು. ಅವಳು ಹೋಗಿ ವರ್ಷ ತುಂಬಿಲ್ಲ. ನಂದು ಲೈಬ್ರರಿ ಅಭ್ಯಾಸ ನೋಡಿ, ಅವಳ ಹೆಸರನ್ನ ಒಂದು ದಿನವೂ ಗಟ್ಟಿಯಾಗಿ ಕರೆದೋನಲ್ಲ.” ನಾನು ನೀರಿನ ಬಾಟಲಿ ಕೊಟ್ಟೆ.

ಗ್ಯಾಲರಿಗೆ ಬಂದೆವು. ಎಲ್ಲರೂ ಒಬ್ಬೊಬ್ಬರಾಗಿ ಚಪ್ಪಾಳೆ ತಟ್ಟಿ, ಕೆಮ್ಮಿ ನೋಡಿ, ಸುಮ್ಮನಾದರು. ಆಗ ಹಿರಿಯರು ನನ್ನನ್ನು ಕೇಳಿದರು: “ಮೇಡಂ, ಇಲ್ಲಿ ಕೂಗಬಹುದಾ?”

“ಕೂಗ್ರಿ ಸರ್. ಅದಕ್ಕ ಕಟ್ಯಾರ.”

ಅವರು ಕಟಕಟೆ ಹಿಡಿದುಕೊಂಡರು. ಎರಡು ಸಲ ಬಾಯಿ ತೆರೆದು ಮುಚ್ಚಿದರು. ಮೂರನೆಯ ಸಲ ಆ ಬಡಕಲು ಎದೆಯಿಂದ ಎಲ್ಲಿತ್ತೋ ಅಂಥ ದನಿ ಹೊರಟಿತು.

“ಕಸ್ತೂರೀ!”

ಗುಮ್ಮಟ ಆ ಹೆಸರನ್ನು ಎತ್ತಿಕೊಂಡು ಸುತ್ತಿಸಿತು. ಕಸ್ತೂರೀ, ಕಸ್ತೂರೀ, ಕಸ್ತೂರೀ. ಏಳನೆಯದೂ ಅಡಗಿತು.

ಆಗ ಆಚೆ ಬದಿಯಿಂದ ಒಂದು ಹೆಣ್ಣುದನಿ ಬಂತು.

“ಆಂ? ಇಲ್ಲೇ ಅದೀನ್ರೀ!”

ಅದನ್ನೂ ಗುಮ್ಮಟ ಬಿಡಲಿಲ್ಲ. ಇಲ್ಲೇ ಅದೀನ್ರೀ, ಅದೀನ್ರೀ, ಅದೀನ್ರೀ.

ಹಿರಿಯರು ಕಟಕಟೆ ಬಿಟ್ಟು ದನಿ ಬಂದತ್ತ ಹೆಜ್ಜೆ ಇಟ್ಟರು. ನಾನು ಅವರ ತೋಳು ಹಿಡಿದೆ. ಗ್ಯಾಲರಿಯ ತಿರುವಿನಿಂದ ಇಂಡಿ ತಾಲ್ಲೂಕಿನಿಂದ ಗುಮ್ಮಟ ನೋಡಲು ಬಂದಿದ್ದ ಒಬ್ಬ ಗೃಹಿಣಿ ಏದುಸಿರು ಬಿಡುತ್ತ ಬಂದಳು, ಹಿಂದೆ ಅವಳ ಗಂಡ. “ನೀವಲ್ಲೇನು ನನ್ನ ಕರದಿದ್ದು?” ಎಂದು ಅವಳು ಗಂಡನನ್ನೇ ಕೇಳುತ್ತಿದ್ದಳು.

“ನಾ ಯಾವತ್ತರ ನಿನ್ನ ಹೆಸರ ಹಿಡದ ಕರದೇನೇನು?” ಎಂದ ಅವನು.

ನಾನು ಅವಳಿಗೆ ಮೆಲ್ಲಗೆ ಸಂಗತಿ ಹೇಳಿದೆ. ಅವಳು ತಲೆಯ ಮೇಲೆ ಸೆರಗು ಹೊದ್ದು, ಹಿರಿಯರ ಮುಂದೆ ಬಂದು, “ತಪ್ಪಾತ್ರಿ ಯಪ್ಪಾ, ನನಗ ಗೊತ್ತಾಗಲಿಲ್ರಿ” ಎಂದು ಕೈಮುಗಿದಳು. ಅವಳ ಕಣ್ಣು ತುಂಬಿತ್ತು. ನಮ್ಮೆಲ್ಲರದೂ.

ಹಿರಿಯರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ತಿಳಿದೆವು. ನೋಡಿದರೆ ನಗುತ್ತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು:

“ನಲವತ್ತು ವರ್ಷ ಸಂಸಾರ ಮಾಡಿದ್ದೀನಿ, ಮೇಡಂ. ಕಸ್ತೂರಿ ಒಂದೇ ಕೂಗಿಗೆ ಓಗೊಟ್ಟಿದ್ದು ಇದೇ ಮೊದಲು.”