‘ಮತ್ತು ಇತರರು’ ಎಂದ ರೇಡಿಯೋಗೆ

ಶಿಡ್ಲಘಟ್ಟ, ೧೯೮೭

ಮಾನ್ಯ ಮೂರು ಬ್ಯಾಂಡಿನ ರೇಡಿಯೋ ಮಹಾಶಯರೇ,

ನಮ್ಮ ಕಾರ್ಖಾನೆಯ ಗೋಡೆಹಲಗೆಯ ಮೇಲೆ, ಕಸೂತಿ ಹಾಕಿದ ಬಟ್ಟೆ ಹೊದ್ದು, ಪಕ್ಕದ ದೇವರ ಪಟಕ್ಕಿಂತ ಒಂದು ಮೊಳ ಹೂವು ಹೆಚ್ಚಿಗೆ ಮುಡಿದು ವಿರಾಜಮಾನರಾಗಿರುವ ತಮ್ಮ ಪಾದಗಳಿಗೆ, ಅಂದರೆ ತಮ್ಮ ಅಡಿಯಲ್ಲಿರುವ ನಾಲ್ಕು ರಬ್ಬರು ಗುಂಡಿಗಳಿಗೆ, ರೇಷ್ಮೆ ನೂಲು ಬಿಚ್ಚುವ ಉದ್ಯಮಿಯಾದ ಆವುಲಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ; ಮೊನ್ನೆ ಹೊಸ ಸೆಲ್ಲು ಹಾಕಿಸಿದವನು ನಾನೇ ಆದ್ದರಿಂದ ಈ ಬಗ್ಗೆ ಸಂಶಯವೂ ಇಲ್ಲ.

ತಮ್ಮನ್ನು ಮನೆತುಂಬಿಸಿಕೊಂಡಿದ್ದು ಶುದ್ಧ ಅರ್ಥಶಾಸ್ತ್ರದ ಕಾರಣಕ್ಕೆ. ನಮ್ಮಲ್ಲಿ ಆರು ಚರಕ, ಹದಿಮೂರು ಹೆಣ್ಣುಮಕ್ಕಳು. ಒಬ್ಬಾಕೆ ಬಿಸಿನೀರಿನ ಬಾಣಲೆಯಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ಕೊಡುತ್ತಾಳೆ, ಇನ್ನೊಬ್ಬಾಕೆ ಚರಕ ತಿರುಗಿಸುತ್ತಾಳೆ, ಹದಿಮೂರನೆಯಾಕೆ ಓಬಳಮ್ಮ ಒಲೆ ನೋಡಿಕೊಳ್ಳುತ್ತಾಳೆ. ಹಾಡು ಕೇಳಿದರೆ ಸಂತೋಷ, ಸಂತೋಷವಾದರೆ ಕೈ ಚುರುಕು, ಕೈ ಚುರುಕಾದರೆ ನೂಲು ಹೆಚ್ಚು ಎಂಬ ಸಿದ್ಧಾಂತವನ್ನು ನಾನು ಯಾವ ಕಾಲೇಜಿನ ನೆರವೂ ಇಲ್ಲದೆ, ಒಂದು ಬೀಡಿ ಮುಗಿಯುವಷ್ಟರಲ್ಲಿ ಕಂಡುಹಿಡಿದೆ. ತಾವು ಬಂದ ಒಂದೇ ವಾರದಲ್ಲಿ ಅದು ಸುಳ್ಳೆಂದು ಕಂಡುಹಿಡಿದವನೂ ನಾನೇ.

ಏಕೆಂದರೆ ತಾವು ಅಳುವ ಹಾಡು ಹಾಕಿದರೆ ಇವರು ಸೆರಗಿಗೆ ಮೂಗು ಒರೆಸುತ್ತಾ ಗೂಡು ಸೇರಿಸುವುದನ್ನೇ ಮರೆತು ನೂಲು ಸಣ್ಣಗಾಗುತ್ತಿತ್ತು. ಕುಣಿಯುವ ಹಾಡು ಹಾಕಿದರೆ ಬೊಗಸೆಗಟ್ಟಲೆ ಗೂಡು ಸುರಿದು ಅದೇ ನೂಲು ಹಗ್ಗವಾಗುತ್ತಿತ್ತು. ಮಾರುಕಟ್ಟೆಯಲ್ಲಿ ಕೋನಪ್ಪನೆಂಬ ವ್ಯಾಪಾರಿ ನನ್ನ ನೂಲಿನ ಲಡಿಯನ್ನು ಬೆರಳಲ್ಲಿ ಸವರಿ ನೋಡಿ, “ಏನ್ ಆವುಲಪ್ನೋರೇ, ನಿನ್ನೆ ಮಧ್ಯಾಹ್ನ ನಾಯಕಿ ತೀರ್ಕೊಂಡ್ಳಾ?” ಎಂದು ಹತ್ತು ಜನರೆದುರು ಕೇಳಿದ.

ಆದಕಾರಣ, ಅತಿ ದುಃಖವೂ ಅತಿ ಸಂತೋಷವೂ ಇಲ್ಲದ, ಹದವಾದ ವೇಗದ ಯಾವುದಾದರೂ ಪ್ರೇಮಗೀತೆಯನ್ನು ಪ್ರಸಾರ ಮಾಡಬೇಕೆಂದು ಹದಿಮೂರು ಹೆಣ್ಣುಮಕ್ಕಳ ಹೆಸರಲ್ಲಿ ತಮ್ಮ ಕೇಂದ್ರಕ್ಕೆ ಕಾರ್ಡು ಬರೆದೆ. ತಾವು ಗುರುವಾರ ಬೆಳಿಗ್ಗೆ ಕೃಪೆ ತೋರಿದಿರಿ. ತಮ್ಮೊಳಗಿನ ಅಕ್ಕನವರು “ಶಿಡ್ಲಘಟ್ಟದಿಂದ ಆಂಜಿನಮ್ಮ” ಎಂದದ್ದೇ ತಡ, ಆಂಜಿನಮ್ಮ “ಅಯ್ಯೋ, ನನ್ ಹೆಸ್ರು ಕಣೇ!” ಎಂದು ಕಿರುಚಿ ಎದ್ದು ನಿಂತಳು. ಕೊಂಡಮ್ಮ ಎದ್ದಳು, ಓಬಳಮ್ಮ ಎದ್ದಳು, ಮುನಿಶಾಮಮ್ಮ ಎದ್ದಳು, ಆರು ಬಾಣಲೆಯ ಗೂಡೂ ಬೆಂದು ಪಾಯಸವಾಯಿತು, ಹಾಡು ಯಾವುದೆಂದು ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ. ಇಷ್ಟನ್ನೂ ನಾನು ಸಹಿಸುತ್ತಿದ್ದೆ. ಆದರೆ ತಾವು ನಾಲ್ಕೇ ಹೆಸರು ಓದಿ, “ಮತ್ತು ಇತರರು” ಎಂದುಬಿಟ್ಟಿರಿ.

ಆ ಇತರರಲ್ಲಿ ಕದಿರಮ್ಮ ಇದ್ದಳು ಸ್ವಾಮೀ! ನಮ್ಮ ತಾಲ್ಲೂಕಿನಲ್ಲೇ ಅವಳಷ್ಟು ಸಮನಾದ ನೂಲು ತೆಗೆಯುವವರಿಲ್ಲ. ನೇಕಾರರು ನನ್ನ ಬಾಗಿಲಿಗೆ ಬರುತ್ತಿದ್ದುದೇ ಅವಳ ನೂಲಿಗಾಗಿ. ಸಭೆಯಲ್ಲಿ ಅಧ್ಯಕ್ಷರದು ಕೊನೆಯ ಭಾಷಣವಲ್ಲವೇ ಎಂದು ಅವಳ ಹೆಸರನ್ನು ಗೌರವದಿಂದ ಕೊನೆಗೆ ಬರೆದಿದ್ದೆ. ಅವಳು ಕೈ ಒರೆಸಿಕೊಂಡು ಹೊರಟವಳು ಮಾರನೆಯ ದಿನದಿಂದ ಹಿಂದಿನ ಬೀದಿಯ ಬಯ್ಯಪ್ಪನ ಕಾರ್ಖಾನೆಗೆ ಸೇರಿಕೊಂಡಳು. ನೇಕಾರರೂ ಅವಳ ಹಿಂದೆಯೇ ಹೋದರು, ಹದಿನೈದು ದಿನದಲ್ಲಿ ನನ್ನ ಆರು ಚರಕದಲ್ಲಿ ನಾಲ್ಕು ನಿಂತವು.

ಅಂದಿನಿಂದ ತಮಗೆ ಒಂಬತ್ತು ಕಾರ್ಡು ಬರೆದೆ. ಹಾಡೇ ಬೇಡ, ಹೆಸರೊಂದು ಹೇಳಿ ಎಂದೆ. ವಾರ್ತೆಯ ನಡುವೆ ಸಾಧ್ಯವಾಗದಿದ್ದರೆ ಹವಾಮಾನ ವರದಿಯಲ್ಲಿ ‘ಕರಾವಳಿಯಲ್ಲಿ ಮಳೆ, ಒಳನಾಡಿನಲ್ಲಿ ಕದಿರಮ್ಮ’ ಎಂದರೂ ಸಾಕೆಂದು ಬೇಡಿಕೊಂಡೆ. ತಾವು ದೊಡ್ಡ ಮನಸ್ಸು ಮಾಡಿ ಒಮ್ಮೆ ‘ಕದಿರಪ್ಪ’ ಎಂದಿರಿ. ಆ ಹೆಸರಿನ ಗಂಡಸೊಬ್ಬ ನಮ್ಮ ಬೀದಿಯಲ್ಲೇ ಇದ್ದು, ಈಗ ದಿನಕ್ಕೆರಡು ಹೊತ್ತು ನನಗೆ ಕೈಮುಗಿಯುತ್ತಾನೆ.

ಕಡೆಗೆ ನಾನೇ ಕದಿರಮ್ಮನ ಮನೆಗೆ ಹೋಗಿ ತಮ್ಮನ್ನು ಬಾಯಿತುಂಬ ಬೈದೆ. ಅವಳು ಅಕ್ಕಿ ಆರಿಸುತ್ತಲೇ, “ರೇಡಿಯೋದೋರ್ನ ಯಾಕ್ ಬಯ್ತೀರ, ಬಿಡಿ ಯಜಮಾನ್ರೇ. ಪಾಪ, ಅವ್ರಿಗೆ ನಾನ್ಯಾರು ಅಂತ್ಲೇ ಗೊತ್ತಿಲ್ಲ. ಹನ್ನೊಂದ್ ವರ್ಷದಿಂದ ನೀವು ನನ್ನ ‘ಏಯ್ ಮೂರನೇ ಚರಕ’ ಅಂತ ತಾನೆ ಕೂಗಿದ್ದು? ಬಯ್ಯಪ್ನೋರು ಮೊದಲ್ನೇ ದಿನಾನೇ ‘ಕದಿರಮ್ಮಾ, ಕಾಫಿ ಕುಡಿಯಮ್ಮ’ ಅಂದ್ರು” ಎಂದಳು. ಕಾರ್ಡಿನ ಮೇಲಿನ ಹದಿಮೂರು ಹೆಸರನ್ನೂ ನಾನು ಹಾಜರಿ ಪುಸ್ತಕ ನೋಡಿಯೇ ಬರೆದಿದ್ದೆ ಎಂಬುದನ್ನು ತಮ್ಮಲ್ಲಿ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಹೋದ ವಾರ ಒಂದು ಬೆಳಿಗ್ಗೆ ಬಯ್ಯಪ್ಪನ ಗೇಟಿನ ಮುಂದೆ ನಿಂತು ಬಾಯಿ ತೆರೆದರೆ, ಹಾಳಾದ್ದು, ‘ಮೂರನೇ’ ಎಂದೇ ಬಂತು. ನುಂಗಿಕೊಂಡು, ತಮ್ಮ ಮೂರೂ ಬ್ಯಾಂಡು ಸೇರಿದರೂ ಬಾರದಷ್ಟು ಗಟ್ಟಿಯಾಗಿ “ಕದಿರಮ್ಮಾ!” ಎಂದು ಕೂಗಿದೆ. ಬೀದಿಗೆ ಬೀದಿಯೇ ಹೊರಗೆ ಬಂತು. ಆಕೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, “ಯಾರೋ ಕರೆದಂಗಾಯ್ತು. ಇನ್ನೊಂದ್ಸಲ ಕೂಗಿ, ಸರಿಯಾಗಿ ಕೇಳಿಸ್ಲಿಲ್ಲ” ಎಂದಳು. ವರ್ಷಕ್ಕೊಂದರಂತೆ ಹನ್ನೊಂದು ಸಲ ಕೂಗಿಸಿಕೊಂಡು, ಕದಿರಮ್ಮನವರು ಹೊರಟು ಬಂದರು.

ಈಗ ದಿನಾ ಬೆಳಿಗ್ಗೆ ಹದಿಮೂರು ಹೆಸರನ್ನೂ ನಾನೇ ನಿಂತು ಓದುತ್ತೇನೆ. ಒಂದು ತಪ್ಪಿದರೂ ಮೊದಲಿನಿಂದ ಓದಿಸುತ್ತಾರೆ. ತಮ್ಮ ಸೇವೆಯ ಅಗತ್ಯ ಇನ್ನಿಲ್ಲವೆಂದು ತಿಳಿಸಲು ವಿಷಾದಿಸಲು ಪ್ರಯತ್ನಿಸುತ್ತಿದ್ದೇನೆ.

ಸೆಲ್ಲು ಇರುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಆವುಲಪ್ಪ

ಮರೆತ ಮಾತು: ತಮ್ಮನ್ನು ನಾಳೆ ಬಯ್ಯಪ್ಪನವರಿಗೆ ಉಡುಗೊರೆಯಾಗಿ ಕೊಡುತ್ತಿದ್ದೇನೆ. ಅವರಲ್ಲಿ ಹತ್ತೊಂಬತ್ತು ಹೆಣ್ಣುಮಕ್ಕಳಿದ್ದಾರೆ, ಎಲ್ಲರ ಹೆಸರನ್ನೂ ಒಂದೇ ಕಾರ್ಡಿನಲ್ಲಿ ಬರೆದು ಈಗಾಗಲೇ ಅಂಚೆಗೆ ಹಾಕಿದ್ದೇನೆ. ದಯವಿಟ್ಟು ಮೊದಲ ನಾಲ್ಕನ್ನು ಮಾತ್ರ ಓದಿ.