ಪುಂಡಿಯ ದಕ್ಷಿಣ ಧ್ರುವ

ಮನೆಯಲ್ಲಿ ಗಂಡಸಿಗೆ ಒಂದಾದರೂ ಖಾತೆ ಇರಬೇಕು ಎಂದು ನಂಬಿದವನು ನಾನು. ನನ್ನದು ಗಣಿತ ಖಾತೆ. ಉಳಿದ ಎಲ್ಲ ಜವಾಬ್ದಾರಿಗಳಿಂದಲೂ ನನ್ನನ್ನು ಯಾವತ್ತೋ ಬಿಡುಗಡೆ ಮಾಡಿದ್ದಾರೆ. ಬಲ್ಬು ಬದಲಿಸುವಾಗ ಕೂಡ ಹೆಂಡತಿ ನನ್ನನ್ನು ಕರೆಯುವುದು ಸ್ಟೂಲು ಹಿಡಿದುಕೊಳ್ಳಲಿಕ್ಕೆ ಮಾತ್ರ. ಆದರೆ ಮಗಳು ಶ್ರಾವ್ಯ ಒಂದನೇ ಕ್ಲಾಸಿನಿಂದಲೂ ಲೆಕ್ಕದ ಪುಸ್ತಕ ಹಿಡಿದು ಬರುತ್ತಿದ್ದದ್ದು ನನ್ನ ಬಳಿಗೇ. ಒಂಬತ್ತನೆಗೆ ಬಂದ ಮೇಲೆ ಅವಳು ಲೆಕ್ಕಗಳನ್ನು ನನ್ನ ಬದಲು ಮೊಬೈಲಿನ ಹತ್ತಿರ ಕೇಳಲು ಶುರು ಮಾಡಿದಳು. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ಆದರೆ ನನಗೆ ತುಂಬ ಬೇಸರವಾಗಿತ್ತು.

ಹಾಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅವಳೇ ನೋಟ್‌ಬುಕ್ ಹಿಡಿದು ಬಂದಳು. "ಪಪ್ಪ, ಇದಕ್ಕೆ ಮೊಬೈಲ್ ನೋಡಬಾರದಂತೆ. ಒಬ್ಬ ಒಂದು ಕಿಲೋಮೀಟರ್ ದಕ್ಷಿಣಕ್ಕೆ, ಒಂದು ಪೂರ್ವಕ್ಕೆ, ಒಂದು ಉತ್ತರಕ್ಕೆ ನಡೆದು ಹೊರಟಲ್ಲಿಗೇ ಬರ್ತಾನೆ. ಅವ ಹೊರಟದ್ದು ಎಲ್ಲಿಂದ?" ಟೀಚರಿಗೆ ಮನಸ್ಸಿನಲ್ಲೇ ಕೈಮುಗಿದೆ. ಮೊದಲು ಕೂತಲ್ಲೇ, ನಮ್ಮ ಕೂಳೂರು ಸೇತುವೆಯಿಂದ ಹೊರಟಂತೆ ಊಹಿಸಿ ನೋಡಿದೆ. ಮೂರು ಕಿಲೋಮೀಟರ್ ನಡೆದ ಮೇಲೆ ಸೇತುವೆ ಸಿಗಲಿಲ್ಲ, ಹೊಳೆಬದಿಯ ಕೆಸರು ಸಿಕ್ಕಿತು. ಬೈಕಂಪಾಡಿಯ ಗೋದಾಮಿನಿಂದ ಇಪ್ಪತ್ತು ವರ್ಷ ಲಾರಿ ಕಳಿಸಿದವನು ನಾನು. ಭೂಮಿ ಉರುಟಾಗಿದೆ ಎಂದು ಯೋಚಿಸಬೇಕಾದ ಪ್ರಸಂಗ ಅಲ್ಲಿ ಒಮ್ಮೆಯೂ ಬಂದಿರಲಿಲ್ಲ. ಕೊನೆಗೆ, "ಉತ್ತರ ಧ್ರುವ" ಎಂದೆ. ಆ ತುದಿಯಿಂದ ಇಳಿದು, ಸ್ವಲ್ಪ ಬದಿಗೆ ಸರಿದು, ಪುನಃ ಹತ್ತಿದರೆ ಅದೇ ತುದಿ.

"ಅದು ಎಲ್ಲರಿಗೂ ಗೊತ್ತುಂಟು. ಬೇರೆ ಜಾಗಗಳೂ ಉಂಟಂತೆ. ಅದೆಲ್ಲಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಅವಳು ಇನ್ನು ಬರುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. "ಅದರಲ್ಲಿ ಎಂತ ಉಂಟು" ಎನ್ನುತ್ತ ಅಡುಗೆಮನೆಯ ಮೇಜಿನ ಹತ್ತಿರ ಕೂತೆ. ಅಲ್ಲಿ ನಮ್ಮೊಂದಿಗೇ ಇರುವ ಅತ್ತೆ, ಹೆಂಡತಿಯ ತಾಯಿ, ಪುಂಡಿ ಕಟ್ಟುತ್ತಿದ್ದರು. ಅಕ್ಕಿಹಿಟ್ಟಿನ ಉಂಡೆ ಮಾಡಿ, ಒಳಗೂ ಬೇಯಲಿ ಎಂದು ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ, ತಟ್ಟೆಯಲ್ಲಿಡುವುದು. ನಾನು ಒಂದು ಉಂಡೆ ಎತ್ತಿಕೊಂಡು ಅದರ ಮೇಲೆ ಉಗುರಿನಿಂದ ದಾರಿ ಎಳೆದೆ. ಮೂರನೆಯದಕ್ಕೆ ಕೈಹಾಕಿದಾಗ ಹೆಂಡತಿ, "ಎಂತ ಮಾರಾಯ್ರೆ, ಅದು ನಾವು ತಿನ್ನಲಿಕ್ಕೆ ಇರುವುದು" ಎಂದಳು.

ಸಂಗತಿ ಏನೆಂದು ಅತ್ತೆ ಕೇಳಿದರು. ಶ್ರಾವ್ಯ ಎಲ್ಲ ಹೇಳಿ, ಅವನು ಮೊದಲು ನಡೆಯುವುದು ಈ ಕಡೆಗೆ ಎಂದು ಪುಂಡಿಯ ಗುಳಿಯನ್ನೇ ದಕ್ಷಿಣ ಧ್ರುವವೆಂದು ತೋರಿಸಿದಳು. ಅತ್ತೆ ಅದನ್ನು ಸ್ವಲ್ಪ ಹೊತ್ತು ನೋಡಿದರು. "ಇದು ದೇವಸ್ಥಾನಕ್ಕೆ ಹೋಗಿ ಬಂದ ಹಾಗೆ ಅಲ್ವಾ? ಚಪ್ಪಲಿ ಬಿಟ್ಟಲ್ಲಿಂದ ಸೀದಾ ಒಳಗೆ ಹೋಗುವುದು, ಗುಡಿಗೆ ಒಂದು ಸುತ್ತು ಬರುವುದು, ಹೋದ ದಾರಿಯಲ್ಲೇ ವಾಪಸ್ಸು ಬರುವುದು. ಚಪ್ಪಲಿ ಅಲ್ಲೇ ಇರ್ತದೆ." ಅವರ ಬೆರಳು ಗುಳಿಯ ಕಡೆಗೆ ಇಳಿದು, ಗುಳಿಗೆ ಒಂದು ಸುತ್ತು ಬಂದು, ಇಳಿದಲ್ಲೇ ಹತ್ತಿತು. ಧ್ರುವದ ಹತ್ತಿರ ಪೂರ್ವಕ್ಕೆ ನಡೆಯುವುದೆಂದರೆ ಧ್ರುವಕ್ಕೆ ಸುತ್ತು ಬರುವುದೇ; ಆ ಸುತ್ತು ಸರಿಯಾಗಿ ಒಂದು ಕಿಲೋಮೀಟರ್ ಆದರೆ ಮುಗಿಯಿತು.

"ಹಾಗಾದರೆ ಚಪ್ಪಲಿ ಯಾವ ಬದಿಯಲ್ಲಿ ಬಿಟ್ಟರೂ ಆಗ್ತದೆ" ಎಂದಳು ಶ್ರಾವ್ಯ. "ಜಾಗಗಳಿಗೆ ಲೆಕ್ಕವೇ ಇಲ್ಲ ಅಜ್ಜಿ."

ನನ್ನ ಮುಖ ಹೇಗಾಗಿತ್ತೋ, ಅತ್ತೆ ಅದನ್ನೂ ನೋಡಿದರು. "ನನಗೆ ಈ ಕಿಲೋಮೀಟರ್ ಎಲ್ಲ ತಿಳಿಯುವುದಿಲ್ಲ ಮಗಾ. ಪಪ್ಪನ ಹತ್ತಿರ ಸರಿಯಾಗಿ ಕೇಳಿಕೋ" ಎಂದರು. ಹಿಟ್ಟು ಮೆತ್ತಿದ ಆ ಕೈಗಳನ್ನು ಕಣ್ಣಿಗೊತ್ತಿಕೊಳ್ಳಬೇಕು ಎನಿಸಿತು. ಮತ್ತೆ ಅರ್ಧ ಗಂಟೆ ಬಿಡಿಸಿ ಬಿಡಿಸಿ ವಿವರಿಸಿದೆ. ಆ ಧ್ರುವದ ಹತ್ತಿರ ಪೂರ್ವಕ್ಕೆ ನಡೆದರೆ ಸುತ್ತು ಪ್ರದಕ್ಷಿಣೆಯಾಗಿಯೇ ಬರುತ್ತದೆ, ಅಪ್ರದಕ್ಷಿಣೆಯಲ್ಲ ಎಂಬ ಒಂದು ಅಂಶವನ್ನು ಸ್ವಂತವಾಗಿ ಕಂಡುಹಿಡಿದೆ. ಅದರಿಂದ ಅತ್ತೆಗೂ ಸಮಾಧಾನವಾಯಿತು.

ಸೋಮವಾರ ಸಂಜೆ ಶ್ರಾವ್ಯ ಬಂದು, ಟೀಚರ್ ಮೆಚ್ಚಿಕೊಂಡರು ಎಂದಳು. "ನನ್ನ ವಿವರಣೆ ಚೆನ್ನಾಗಿ ಅರ್ಥ ಆಗಿತ್ತಲ್ಲ?" ಎಂದೆ.

"ಅಜ್ಜಿ ಹೇಳುವಾಗಲೇ ಅರ್ಥ ಆಗಿತ್ತು ಪಪ್ಪ. ಪಪ್ಪ ಹೇಳುವುದನ್ನೂ ಕೇಳು ಅಂತ ಅಜ್ಜಿ ಕಣ್ಣಲ್ಲೇ ಹೇಳಿದರು, ಹಾಗೆ ಕೂತೆ." ಇಷ್ಟು ಹೇಳಿ ಅವಳು ಹೊಸ ಲೆಕ್ಕವೊಂದನ್ನು ನನ್ನ ಮುಂದಿಟ್ಟಳು. "ಇದನ್ನು ಸ್ವಲ್ಪ ಬೇಗ ಹೇಳಿ." ಕಣ್ಣು ಮಂಜಾದದ್ದರಿಂದ ಪ್ರಶ್ನೆ ಓದಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಓದಿದ ಮೇಲೆ, ಅತ್ತೆ ಎಲ್ಲಿದ್ದಾರೆ ಎಂದು ಮೆಲ್ಲಗೆ ಅಡುಗೆಮನೆಯ ಕಡೆ ನೋಡಿದೆ.