ಒರೆಸ್ತೆಯ ಸಿಳ್ಳೆ

ಪಾರ್ಮಾ ಊರಿನ ಒಪೆರಾ ಗಾಯಕರ ಎದೆಯನ್ನು ನಲವತ್ತು ವರ್ಷ ನಡುಗಿಸಿದ ಮಹಾನುಭಾವ ಒರೆಸ್ತೆ. ಹಾಡುತ್ತಿದ್ದನೆಂದು ತಿಳಿಯಬೇಡಿ, ಸಿಳ್ಳೆ ಹಾಕುತ್ತಿದ್ದ. ಅಲ್ಲಿ ತೀರ ಮೇಲಿನ ಗ್ಯಾಲರಿಯವರು ಶ್ರುತಿ ತಪ್ಪಿದವರನ್ನು ಸಿಳ್ಳೆ ಹಾಕಿ ಅವಮಾನಿಸದೆ ಬಿಡುವುದಿಲ್ಲ. ಎರಡು ಬೆರಳು ಬಾಯಿಗಿಟ್ಟು ಒರೆಸ್ತೆ ಸಿಳ್ಳೆ ಎಳೆದನೆಂದರೆ ಅದೇ ಅಂತಿಮ ತೀರ್ಪು (ಮೇಲ್ಮನವಿಗೆ ಅವಕಾಶವಿಲ್ಲ). ಪಕ್ಕದಲ್ಲಿ ಕೂತ ಹೆಂಡತಿ ಇರ್ಮಾ, "ಸಾಕು ಬಿಡೋ, ಪಾಪ, ಅವನಿಗೂ ಹೆತ್ತತಾಯಿ ಇದಾಳೆ" ಎಂದು ತೋಳು ಜಗ್ಗುತ್ತಿದ್ದಳು. ವಿರಾಮದಲ್ಲಿ ಹ್ಯಾಮ್ ತುರುಕಿದ ಬ್ರೆಡ್ಡು ಇಬ್ಬರಿಗೂ ಅರ್ಧರ್ಧ.

ಈ ವರ್ಷ ಇರ್ಮಾಳ ಮಂಡಿ ಮುಷ್ಕರ ಹೂಡಿತು. ಗ್ಯಾಲರಿಗೆ ನೂರಾ ಎರಡು ಮೆಟ್ಟಿಲು. ಅದೇ ಹೊತ್ತಿಗೆ ಒಪೆರಾ ಮಂಡಳಿ ಈ ಸಲದ ಎಂಟೂ ಪ್ರದರ್ಶನಗಳನ್ನು ಸಿನಿಮಾ ಪರದೆಯ ಮೇಲೆ ನೇರವಾಗಿ ತೋರಿಸುವುದಾಗಿ ಸಾರಿತು. ಇರ್ಮಾ ಮನೆ ಹತ್ತಿರದ ಟಾಕೀಸಿಗೆ ಹೋಗಿ ಎಂಟಕ್ಕೂ ಎರಡೆರಡು ಟಿಕೆಟ್ ತಂದಳು.

"ಪರದೆ ಮುಂದೆ ಸಿಳ್ಳೆ ಹಾಕಿದ್ರೆ ಆ ಗಾಯಕನಿಗೆ ಕೇಳುತ್ತಾ?"

"ಕೇಳಲ್ಲ. ಅದಕ್ಕೇ ತಂದಿದ್ದು."

ಒರೆಸ್ತೆ ಗೊಣಗಿದ. ಆದರೆ ಅವಳ ಊರುಗೋಲು ಕಂಡು ಕರಗಿ, "ನೀನಿಲ್ದೆ ನಾನು ಆ ಮೆಟ್ಟಿಲು ಹತ್ತಲ್ಲ ಬಿಡೇ" ಎಂದು ಮಾತು ಕೊಟ್ಟ. ಕೊಡುವಾಗ ಕಣ್ಣು ತುಂಬಿದ್ದೂ ನಿಜ.

ಮೊದಲ ಪ್ರದರ್ಶನದ ಭಾನುವಾರ ಮಧ್ಯಾಹ್ನವೇ ಅವನಿಗೆ "ಜ್ವರ" ಬಂತು. ಇರ್ಮಾ ಕೋಳಿ ಸಾರು ಕುಡಿಸಿ, ಕಂಬಳಿ ಹೊದೆಸಿ, "ನಾನೂ ಹೋಗಲ್ಲ" ಎಂದಳು.

"ಹೋಗು ಮಾರಾಯ್ತಿ, ಬಂದು ಕತೆ ಹೇಳು."

"ಜ್ವರ ಬಿಟ್ರೆ ಬಾ. ನಿನ್ನ ಕುರ್ಚಿ ಮೇಲೆ ನನ್ನ ಶಾಲು ಹಾಕಿಟ್ಟಿರ್ತೀನಿ" ಎಂದು ಅವಳು ಬ್ರೆಡ್ಡಿನ ಪೊಟ್ಟಣ ಹಿಡಿದು ಕುಂಟುತ್ತ ಹೋದಳು. ಕಾಲು ಗಂಟೆಯಲ್ಲಿ ರೋಗಿ ನೂರಾ ಎರಡೂ ಮೆಟ್ಟಿಲು ಹತ್ತಿದ್ದ.

ಮೂರನೆಯ ಅಂಕದಲ್ಲಿ ನಾಯಕನ ದನಿ ಮೇಲಿನ ಸ್ವರದ ಹತ್ತಿರ ಹೋಗಿ ಕೂದಲೆಳೆಯಷ್ಟು ಜಾರಿತು. ಒರೆಸ್ತೆಯ ಬೆರಳು ತಾನಾಗಿ ಬಾಯಿಗೆ ಹೋಯಿತು. ಸಿಳ್ಳೆ ರಂಗಮಂದಿರವನ್ನು ಸೀಳಿತು. ತೋಳು ಜಗ್ಗುವವರಿರಲಿಲ್ಲವಾದ್ದರಿಂದ ಅದು ಬೇಕಾದ್ದಕ್ಕಿಂತ ಉದ್ದವಾಯಿತು. ನಾಯಕ ಬಿಳಿಚಿಕೊಂಡ. ಯಾಕೋ ಒರೆಸ್ತೆಗೆ ಖುಷಿಯೇ ಆಗಲಿಲ್ಲ. ಪಕ್ಕದ ಖಾಲಿ ಜಾಗ ನೋಡಿ ಎದೆ ಭಾರವಾಯಿತು. ಅವಳು ಬರುವ ಮೊದಲು ಕಂಬಳಿಯೊಳಗೆ ಸೇರಬೇಕೆಂದು, ನಾಟಕ ಮುಗಿಯುವ ಮುಂಚೆಯೇ ಎದ್ದು ಓಡಿದ.

ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಮೇಲೆ ಕಿಟಕಿಯಲ್ಲಿ ಇರ್ಮಾ.

"ಜ್ವರ ಎಷ್ಟಿದೆ?"

"ಸ್ವಲ್ಪ... ಗಾಳಿಗೆ ಅಂತ ಹೊರಗೆ ಬಂದೆ."

"ಸಿಳ್ಳೆ ಕೇಳಿದ ತಕ್ಷಣ ಗೊತ್ತಾಯ್ತು ನಂಗೆ. ಮದುವೆಗೆ ಮುಂಚೆ ನಮ್ಮಪ್ಪನ ಮನೆ ಕಿಟಕಿ ಕೆಳಗೆ ಹಾಕ್ತಿದ್ಯಲ್ಲ, ಅದೇ. ಆಮೇಲೆ ಕ್ಯಾಮೆರಾನೂ ನಿನ್ನ ಕಡೆ ತಿರುಗ್ತು. ಪರದೆ ತುಂಬ ನಿನ್ನ ಮೋರೆ, ಬಾಯಲ್ಲಿ ಬೆರಳು! ಟಾಕೀಸಿನೋರೆಲ್ಲ ನಕ್ರು. ನಾನು ಶಾಲು ಎತ್ಕೊಂಡು ಎದ್ದು ಬಂದೆ."

"ತಪ್ಪಾಯ್ತು ಕಣೇ."

ಅಕ್ಕಪಕ್ಕದ ಬಾಲ್ಕನಿಗಳು ಆಗಲೇ ಭರ್ತಿಯಾಗಿದ್ದವು. ಬೇರೆ ದಾರಿ ಕಾಣದೆ ಒರೆಸ್ತೆ ಎದೆಗೆ ಕೈಯಿಟ್ಟು, ಮದುವೆಗೆ ಮುಂಚೆ ಅವಳಿಗಾಗಿ ಹಾಡುತ್ತಿದ್ದ ಪ್ರೇಮಗೀತೆ ಎತ್ತಿದ. ಮನಸಾರೆ ಹಾಡಿದ, ಕಣ್ಣೀರು ಸುರಿಸಿ ಹಾಡಿದ. ಮೇಲಿನ ಸ್ವರದ ಹತ್ತಿರ ದನಿ ಒಡೆದು ಎರಡಾಯಿತು.

ಜನ್ಮದಲ್ಲಿ ಸಿಳ್ಳೆ ಹಾಕದ ಇರ್ಮಾ ಎರಡು ಬೆರಳು ಬಾಯಿಗಿಟ್ಟಳು. ಬೀದಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು.

"ಎಲ್ಲಿ ಕಲಿತ್ಯೇ ಇದನ್ನ?" ಎಂದು ಒರೆಸ್ತೆ ತೊದಲಿದ.

"ನಲವತ್ತು ವರ್ಷ ಪಕ್ಕದಲ್ಲೇ ಕೂತಿದ್ನಲ್ಲಪ್ಪ!"

ಅವಳು ಮತ್ತೆ ಬೆರಳು ಬಾಯಿಗಿಟ್ಟಳು. ತೋಳು ಜಗ್ಗಿ "ಸಾಕು ಬಿಡೇ, ಪಾಪ" ಎನ್ನಲು ಅವಳ ಪಕ್ಕದಲ್ಲೂ ಯಾರೂ ಇರಲಿಲ್ಲ.